ಕರೆಗಂಟೆ ಇಲ್ಲದ ಮನೆ

ನಾಲ್ಕು ಜನರ ಮುಂದೆ ಕುರ್ಚಿಯಲ್ಲಿ ಕೂತು ಊಟ ಮಾಡುವುದು ನನಗೆ ಈಗಲೂ ಬರುವುದಿಲ್ಲ. ನಿವೃತ್ತಿಯ ದಿನ ಇಲಾಖೆಯವರು ಶಾಲು ಹೊದಿಸಿ, ಹಾರ ಹಾಕಿ, ಇಬ್ಬರು ಇಂಜಿನಿಯರುಗಳ ನಡುವೆ ನನ್ನನ್ನು ಕೂರಿಸಿದರು. ಎಡಗಡೆಯ ಸಾಹೇಬರ ತಟ್ಟೆಯಲ್ಲಿ ಮೊಸರುಬಜ್ಜಿ ಖಾಲಿಯಾದದ್ದು ಕಂಡದ್ದೇ ತಡ, ಹಾರ ಹಾಕಿಕೊಂಡೇ ಎದ್ದು ಹೋಗಿ ಪಾತ್ರೆ ತಂದೆ. ಎಲ್ಲರೂ ನಕ್ಕರು. "ಕೂತ್ಕೊಳಯ್ಯ ಸಿದ್ದರಾಜು, ಇವತ್ತು ನೀನೇ ಚೀಫ್ ಗೆಸ್ಟು" ಅಂದರು. ಆಮೇಲೆ ಹೊಸದಾಗಿ ಸೇರಿದವರಿಗೆ ನಾಲ್ಕು ಮಾತು ಹೇಳು ಎಂದು ಮೈಕು ಕೊಟ್ಟರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಬೆಳಿಗ್ಗೆ ಐದೂವರೆಗೆಲ್ಲ ಬಿಸಿನೀರು ರೆಡಿ ಇರಬೇಕು." ಅಷ್ಟು ಹೇಳಿ ಕೆಳಗಿಳಿದುಬಿಟ್ಟೆ. ಅವತ್ತು ಗಂಟಲಲ್ಲೇ ಉಳಿದ ಮಿಕ್ಕ ಮಾತುಗಳನ್ನು ಈಗ ಬರೆಯುತ್ತಿದ್ದೇನೆ.

ನಾನು ಪ್ರವಾಸಿ ಮಂದಿರದ ಮೇಟಿಯಾಗಿದ್ದವನು. ಪ್ರವಾಸದ ಮೇಲೆ ಬರುವ ಅಧಿಕಾರಿಗಳಿಗೆ ಕೋಣೆ ತೆಗೆದುಕೊಡುವುದು, ಹಾಸಿಗೆ ಹಾಸುವುದು, ನೀರು ಕಾಯಿಸುವುದು, ಅಡುಗೆ ಮಾಡಿ ಬಡಿಸುವುದು, ಅವರು ಹೋದ ಮೇಲೆ ಬೀಗ ಹಾಕುವುದು, ಇಷ್ಟೂ ಸೇರಿದರೆ ಮೇಟಿ. ಮೊದಲು ಕೆಲವು ವರ್ಷ ನಂಜನಗೂಡಿನಲ್ಲಿದ್ದೆ, ಉಳಿದದ್ದೆಲ್ಲ ನರಸೀಪುರದಲ್ಲಿ. ಹುಟ್ಟೂರು ಮೂಗೂರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಇಲ್ಲದಿದ್ದರೆ ನಾನೂ ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿ ಕೂರುತ್ತಿದ್ದೆ. ಸಾಹೇಬರುಗಳು ಓದಿ ಬಿಟ್ಟುಹೋದ ಪತ್ರಿಕೆ, ಪುಸ್ತಕಗಳನ್ನು ಮಧ್ಯಾಹ್ನ ಅಡುಗೆಮನೆಯ ಹಿಂದೆ ಕೂತು ಓದುತ್ತಿದ್ದೆ. ಈ ನಾಲ್ಕಕ್ಷರ ಬರೆಯಲು ಬಂದದ್ದು ಹಾಗೆ.

ನನಗೆ ಕೆಲಸ ಕಲಿಸಿದವರು ನಂಜನಗೂಡಿನ ಹಳೆಯ ಮೇಟಿ ಕೆಂಪಯ್ಯನವರು. ಕೃಶ ದೇಹ, ದೊಡ್ಡ ಮೀಸೆ, ಬಾಯಿ ತುಂಬಾ ಎಲೆ ಅಡಿಕೆ. ಸಾಹೇಬರ ಎದುರು ಮಾತ್ರ ಆ ಬಾಯಿ ಖಾಲಿ. ಮೊದಲ ದಿನವೇ ನನ್ನನ್ನು ಬಾವಿಕಟ್ಟೆಯ ಮೇಲೆ ಕೂರಿಸಿಕೊಂಡು ಎರಡು ಮಾತು ಹೇಳಿದರು.

"ನೋಡ್ಲಾ ಸಿದ್ರಾಜ, ಮೇಟಿಗೆ ಕಿವಿ ಇರ್ಬಾರ್ದು ಅಂತ ನಾ ಯೋಳಲ್ಲ. ಇರ್ಲಿ. ಆದ್ರ ಕಿವಿಯಿಂದ ಬಾಯ್ಗೆ ದಾರಿ ಇರ್ಬಾರ್ದು. ಎರಡ್ನೇದು, ಗಂಟೆ ವಡುದ್ರೆ ಒಳಕ್ಕೋಗು. ವಡೀಲಿಲ್ವಾ, ಆ ರೂಮಿಗೆ ಬೆಂಕಿ ಬಿದ್ರೂ ಬಾಗ್ಲಲ್ಲೇ ನಿಂತ್ಕೊ."

"ಬೆಂಕಿ ಬಿದ್ರೂವಾ?" ಅಂದೆ.

"ಬೆಂಕಿ ಬಿದ್ರ ಅವ್ರೇ ಗಂಟೆ ವಡೀತಾರೆ ಬುಡು" ಅಂದರು.

ಪ್ರತಿ ಕೋಣೆಯಿಂದ ಅಡುಗೆಮನೆಗೆ ಒಂದು ಕರೆಗಂಟೆ ಇತ್ತು. ಒಂದನೇ ಕೋಣೆಯದು ಗಟ್ಟಿ ದನಿ, ಎರಡನೆಯದು ಸ್ವಲ್ಪ ಗೊಗ್ಗರು, ಮೂರನೆಯದು ಒಮ್ಮೊಮ್ಮೆ ಬಡಿದುಕೊಳ್ಳಲು ಹೋಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಅರ್ಧ ಸದ್ದಿಗೂ ನಾನು ಓಡುತ್ತಿದ್ದೆ. ಕೆಂಪಯ್ಯನವರ ಎರಡು ಮಾತನ್ನು ಮಂತ್ರದ ಹಾಗೆ ಹಿಡಿದುಕೊಂಡೆ. ಕೆಲಸದಲ್ಲಿ ನನ್ನನ್ನು ಮೇಲೆತ್ತಿದ್ದು ಆ ಎರಡು ಮಾತು. ನನ್ನ ಬಾಳಿನಲ್ಲಿ ಒಂದು ಜಾಗವನ್ನು ಖಾಲಿ ಮಾಡಿದ್ದೂ ಅವೇ.

ಹೊಸದರಲ್ಲಿ ಮಾಡಿದ ಎಡವಟ್ಟು ಒಂದನ್ನು ಹೇಳದಿದ್ದರೆ ಕೆಂಪಯ್ಯನವರ ಆತ್ಮಕ್ಕೆ ಶಾಂತಿ ಇರುವುದಿಲ್ಲ. ಒಂದು ದಿನ ದೊಡ್ಡ ಸಾಹೇಬರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಹನ್ನೊಂದು ಗಂಟೆಗೆ ಜೀಪು ನಿಂತಿತು. ಬಿಳಿ ಸಫಾರಿ ತೊಟ್ಟ ಗುಂಡಗಿನ ಮನುಷ್ಯ ಇಳಿದ. ಕೈಮುಗಿದು ಒಂದನೇ ಕೋಣೆ ತೆಗೆದೆ. ನೀರು ಕಾಯಿಸಿದೆ. ನಾಟಿಕೋಳಿ ಸಾರು, ಮುದ್ದೆ, ಕೊನೆಗೆ ರಸಬಾಳೆ. ಅವನು ಮಾತಿಲ್ಲದೆ ಉಂಡು ಮಲಗಿದ. ಮೂರು ಗಂಟೆಗೆ ಇನ್ನೊಂದು ಕಾರು ಬಂತು. ಅದರಿಂದ ಇಳಿದವರು ನಿಜವಾದ ಸಾಹೇಬರು. ಒಳಗೆ ಗೊರಕೆ ಹೊಡೆಯುತ್ತಿದ್ದವನು ಅವರ ಕಚೇರಿಯ ಜೀಪು ಡ್ರೈವರು. ಅವತ್ತು ಅವನ ಷಡ್ಡಕನ ಮದುವೆಯಂತೆ, ಅದಕ್ಕೆ ಸಫಾರಿ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಉಳಿದ ಸಾರಿನಲ್ಲೇ ಉಂಡರು. ನಾನು ಡ್ರೈವರನ್ನು ಮೂಲೆಗೆ ಎಳೆದು, "ಏನ್ರೀ ಹಿಂಗ್ ಮಾಡುದ್ರಿ, ಒಂದ್ ಮಾತು ಹೇಳ್ಬಾರ್ದಾ?" ಎಂದು ಜಗಳ ತೆಗೆದೆ.

"ನೀವ್ ಕೇಳ್ಲಿಲ್ಲ, ನಾನ್ ಯೋಳ್ಲಿಲ್ಲ. ನಂದೇನಣ್ಣ ತಪ್ಪು?" ಅಂದ.

ಅವತ್ತು ನಗು ಬಂದಿತ್ತು. ಎಷ್ಟೋ ವರ್ಷದ ಮೇಲೆ ಅದೇ ಮಾತು ನೆನಪಾಗಿ ಅಳು ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಕೆಲಸದ ರೀತಿ ಎಷ್ಟು ಬದಲಾಯಿತೆಂದು ನಿಮಗೆ ಹೇಳಿದರೆ ಅಜ್ಜಿ ಕಥೆ ಅಂದುಕೊಳ್ಳುತ್ತೀರಿ. ಸೌದೆ ಒಲೆ ಊದಿ ಊದಿ ಕಣ್ಣು ಕೆಂಪಾಗುತ್ತಿದ್ದ ಕಾಲ ಹೋಗಿ ಗ್ಯಾಸು ಬಂತು. ಹಂಡೆ ಹೋಗಿ ಗೀಸರು ಬಂತು. ಈಗ ಕೋಣೆ ಬೇಕಾದರೆ ಮೊಬೈಲಿನಲ್ಲಿ ಬುಕ್ ಮಾಡುತ್ತಾರೆ, ಊಟ ಹೋಟೆಲಿನಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಮ್ಮ ಕಾಲದಲ್ಲಿ ಯಾವ ಸಾಹೇಬರಿಗೆ ಎಷ್ಟು ಚಮಚ ಸಕ್ಕರೆ, ಯಾರ ಹೆಂಡತಿಗೆ ಬಿ.ಪಿ., ಯಾರಿಗೆ ಮುದ್ದೆ ಇಷ್ಟ ಆದರೆ ಜೊತೆಯವರ ಮುಂದೆ ಕೇಳಲು ನಾಚಿಕೆ, ಎಲ್ಲವೂ ಮೇಟಿಯ ತಲೆಯಲ್ಲೇ ಇರಬೇಕಿತ್ತು. ಐದು ವರ್ಷ ಬಿಟ್ಟು ಬಂದವರಿಗೂ ಕೇಳದೆ ಅವರ ಅಳತೆಯ ಕಾಫಿ ಕೊಡುತ್ತಿದ್ದೆ. "ನಮ್ಮನೇಲೇ ಇಷ್ಟು ನೆನಪಿಟ್ಟುಕೊಳ್ಳಲ್ಲ ಕಣಯ್ಯ" ಎಂದು ಅವರು ಅಂದಾಗ ನನ್ನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಇನ್ನು ನನ್ನ ತಂಗಿಯ ವಿಷಯ.

ಚಿಕ್ಕತಾಯಿ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ನಮಗೆ ಒಡಹುಟ್ಟಿದವರು ಬೇರೆ ಇಲ್ಲ. ಹದಿನಾರು ಎಂಬ ಊರಿನ ಆಚೆ ಒಂದು ಸಣ್ಣ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದೆವು. ಗಂಡ ಬಸವಣ್ಣ ಒಳ್ಳೆಯ ಮನುಷ್ಯ, ಒಂದೂವರೆ ಎಕರೆ ಹೊಲ. ನಮ್ಮ ಕಡೆ ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಲೇಬೇಕು. ಜೋಡಿ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ರವಿಕೆ ಬಟ್ಟೆ, ಬೇಳೆ, ಬೆಲ್ಲ, ಕಾಯಿ ತುಂಬಿ, ಅಣ್ಣನೋ ತಮ್ಮನೋ ಹೊತ್ತುಕೊಂಡು ಹೋಗಬೇಕು. ಅವಳು ಸೆರಗು ಹಿಡಿದು ಈಸಿಕೊಳ್ಳಬೇಕು. ಅಮ್ಮ ಹೋದ ಮೇಲೆ ಅವಳಿಗೆ ತವರು ಅಂದರೆ ನಾನೊಬ್ಬನೇ.

ಮೊದಲ ಎರಡು ವರ್ಷ ಹೋದೆ. ಆಮೇಲೆ ನರಸೀಪುರಕ್ಕೆ ಬಂದೆನಲ್ಲ, ಊರಿಗೆಲ್ಲ ರಜೆ ಅಂದರೆ ಮೇಟಿಗೆ ದುಡಿತ. ಗೌರಿ ಗಣೇಶ ಜೊತೆಗೆ ಬಂದಾಗ ಸಾಹೇಬರುಗಳು ಸಂಸಾರ ಸಮೇತ ಬರುತ್ತಿದ್ದರು. ನರಸೀಪುರದ ಸಂಗಮದಲ್ಲಿ ಎರಡು ಹೊಳೆಯೂ ತುಂಬಿ ಕೂಡುವುದನ್ನು ನೋಡಿ, ಮುಳುಗು ಹಾಕಿ, ಹಸಿದು ಬರುತ್ತಿದ್ದರು. ರಜೆ ಕೇಳಲು ನನಗೇ ನಾಚಿಕೆ. ಹೆಂಡತಿ ಶಿವಮ್ಮ ಬಾಗಿನ ತುಂಬಿ ಕೊಡುತ್ತಿದ್ದಳು, ನಾನು ಅದನ್ನು ಬಸ್ ನಿಲ್ದಾಣಕ್ಕೆ ಒಯ್ದು ಕಂಡಕ್ಟರ್ ನಾಗರಾಜನ ಕೈಗೆ ಕೊಡುತ್ತಿದ್ದೆ. ಅವನು ತನ್ನ ಸೀಟಿನ ಪಕ್ಕ ಇಟ್ಟುಕೊಂಡು ಅವಳ ಊರಿನಲ್ಲಿ ಇಳಿಸುತ್ತಿದ್ದ. ಒಂದು ಸಲ ಬಂದು ಹೇಳಿದ:

"ನಿನ್ ತಂಗಿ ಬಸ್ಸಿನ ಒಳಕ್ಕೆಲ್ಲ ಇಣುಕಿ ನೋಡ್ತದೆ ಕಣಣ್ಣ. ಹಿಂದ್ಲು ಸೀಟ್ಗಂಟ. ಆಮ್ಯಾಲೆ ಮೊರ ಈಸ್ಕತದೆ."

"ಮುಂದಿನ ವರ್ಸ ಓಗ್ತೀನಿ ಬುಡು" ಅಂದೆ. ಹೀಗೆ ಎಷ್ಟು ಮುಂದಿನ ವರ್ಷಗಳು ಹಿಂದೆ ಹೋದವೋ.

ಒಂದು ದಿನ ಮಧ್ಯಾಹ್ನ ಮೂವರು ಅಧಿಕಾರಿಗಳು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದರು. ನಾನು ಸಾರು ಬಡಿಸುತ್ತಿದ್ದೆ. ಅವರಲ್ಲಿ ಹಿರಿಯ ಇಂಜಿನಿಯರ್ ಸಾಹೇಬರು ನನಗೆ ಬಹಳ ಬೇಕಾದವರು. ಹದಿನೈದು ವರ್ಷ ನನ್ನ ಕೈ ಅಡುಗೆ ಉಂಡವರು, ಒಂದು ದಿನವೂ ಗದರಿದವರಲ್ಲ. ನಕ್ಷೆಯ ಮೇಲೆ ಬೆರಳಿಟ್ಟು ಅವರು ಒಂದು ಊರಿನ ಹೆಸರು ಹೇಳಿದರು. ಅದು ಚಿಕ್ಕತಾಯಿಯ ಊರು.

"ರಸ್ತೆ ಅಗಲ ಆದ್ರೆ ಎಡಗಡೆ ಮನೆಗಳ ಮುಂಭಾಗ ಅಷ್ಟೂ ಹೋಗುತ್ತೆ. ಈಗಲೇ ಇದು ಹೊರಗೆ ಹೋಗೋದು ಬೇಡ" ಎಂದರು. ಕಿರಿಯರೊಬ್ಬರು ನನ್ನ ಕಡೆ ನೋಡಿ ಸುಮ್ಮನಾದಾಗ, "ನಮ್ಮ ಸಿದ್ದರಾಜುನಾ? ಅವನು ಗೋಡೆ ಇದ್ದ ಹಾಗೆ ಕಣ್ರೀ. ಮಾತಾಡಿ ಪರವಾಗಿಲ್ಲ" ಅಂದರು.

ಇನ್ನೊಂದು ಸೌಟು ಸಾರು ಬಡಿಸಿದೆ. ಎಡಗಡೆಯ ನಾಲ್ಕನೇ ಮನೆ ಅವಳದು. ಆದರೆ ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ಸಂಕಟಕ್ಕಿಂತ ಹೆಮ್ಮೆಯೇ ಮುಂದೆ ಬಂತು. ಸಂಜೆ ಶಿವಮ್ಮನಿಗೆ ಹೇಳಿದೆ, ಸಾಹೇಬರು ನನ್ನನ್ನು ಗೋಡೆ ಅಂದರು ಎಂದು. ಯಾವ ಮಾತಿಗೆ ಅಂದರು ಎಂಬುದನ್ನು ಅವಳಿಗೂ ಹೇಳಲಿಲ್ಲ.

"ಗ್ವಾಡೆ ಅನ್ನುಸ್ಕಂಡು ಕುಸಿ ಪಡೋರ ಇವತ್ತೇ ಕಂಡಿದ್ದು ನಾನು" ಎಂದು ಅವಳು ನಕ್ಕಳು.

ಅದೇ ವಾರ ಚಿಕ್ಕತಾಯಿ ತಾನೇ ಬಂದಳು. ಅಡುಗೆಮನೆಯ ಹೊಸಿಲ ಮೇಲೆ ಕೂತು ಕಾಫಿ ಕುಡಿಯುತ್ತಾ, ಮನೆ ಮುಂದಕ್ಕೆ ಒಂದು ಜಗಲಿ ಕಟ್ಟಿಸುತ್ತಿದ್ದೇವೆ ಎಂದಳು. ಎರಡು ಕಂಬ, ಮೇಲೆ ಹೆಂಚು. ಮದುವೆಯಾದಾಗಿನಿಂದ ಅವಳಿಗೆ ಜಗಲಿಯ ಆಸೆ.

"ಅಲ್ಲಿ ಕುಂತ್ರೆ ಬಸ್ಸಿಂದ ಯಾರ್ ಇಳುದ್ರೂ ಕಾಣ್ತದೆ ಕಣಣ್ಣ. ನೀ ಬಂದ್ರ ನಂಗೆ ಅಲ್ಲಿಂದ್ಲೆ ಗೊತ್ತಾಯ್ತದೆ" ಅಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ನೀನು ಸಾಯೇಬ್ರ ಮಧ್ಯ ಇರೋನು. ರಸ್ತೆ ಗಿಸ್ತೆ ಅಂತ ಏನಾರ ತೊಂದ್ರೆ ಐತಾ ಅಣ್ಣ? ಇದ್ರ ಯೋಳ್ಬುಡು, ಕಟ್ಟಲ್ಲ."

ಎರಡನೇ ಕೋಣೆಯ ಗಂಟೆ ಬಡಿಯಿತು. ನಾನು ಎದ್ದು ನಿಂತು, ಲೋಟ ಒರೆಸುತ್ತಾ, "ನಂಗೇನ್ ಗೊತ್ತವ್ವ ಅದೆಲ್ಲ" ಅಂದೆ. ಅಂದು ಒಳಗೆ ಹೋದೆ. ಬರುವಷ್ಟರಲ್ಲಿ ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು. ಕುಡಿದ ಲೋಟವನ್ನು ತೊಳೆದು ಬೋರಲು ಹಾಕಿದ್ದಳು.

ಜಗಲಿ ಎದ್ದಿತು. ಅದರ ಮೇಲೆ ಅವಳು ಒಂದು ಬೇಸಿಗೆ ಕೂತಿರಬೇಕು. ಮುಂದಿನ ಬೇಸಿಗೆಯಲ್ಲಿ ಅಳತೆಯವರು ಬಂದು ಗೋಡೆಗಳ ಮೇಲೆ ಕೆಂಪು ಗುರುತು ಹಾಕಿದರು. ಗೌರಿ ಹಬ್ಬಕ್ಕೆ ಮುಂಚೆ ಕಂಬ, ಹೆಂಚು ಎಲ್ಲ ನೆಲಸಮವಾಯಿತು. ಮಿಕ್ಕ ಮನೆಗಳವರು ಹಳೆಯ ಗೋಡೆ ಕಳೆದುಕೊಂಡರು, ಹೊಸದಾಗಿ ಕಟ್ಟಿ ಕಳೆದುಕೊಂಡವರು ಇವರೊಬ್ಬರೇ.

ಆ ವರ್ಷವೂ ನಾನು ನಾಗರಾಜನ ಕೈಲೇ ಬಾಗಿನ ಕಳಿಸಿದೆ. ಸಂಜೆ ಅವನು ಬಸ್ಸಿಳಿದು ನೇರ ಪ್ರವಾಸಿ ಮಂದಿರಕ್ಕೆ ಬಂದ. ಕೈಯಲ್ಲಿ ಜೋಡಿ ಮೊರ. ಕಟ್ಟಿದ್ದ ದಾರವನ್ನೂ ಬಿಚ್ಚಿರಲಿಲ್ಲ.

"ಬ್ಯಾಡ ಅಂದ್ಬುಡ್ತು ಕಣಣ್ಣ. ಕಳ್ಸಿದೋರ್ಗೇ ಕೊಡು ಅಂತು. ಇನ್ನೊಂದ್ ಮಾತಾಡ್ಲಿಲ್ಲ."

ತವರಿನ ಬಾಗಿನವನ್ನು ಹೆಣ್ಣುಮಗಳು ವಾಪಸ್ಸು ಕಳಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ, ತವರೇ ಬೇಡ ಎಂದ ಹಾಗೆ. ಶಿವಮ್ಮ ಮೊರ ಈಸಿಕೊಂಡು ಗೋಳೋ ಎಂದು ಅತ್ತಳು. ಈಗಲೇ ಹೋಗಿ ಬಾ ಎಂದಳು. ನಾನು ಹೋಗಲಿಲ್ಲ. ತಂಗಿ ಬಾಗಿಲು ಹಾಕಿಕೊಂಡಳು, ಕರೆಯುವವರೆಗೆ ಒಳಗೆ ಕಾಲಿಡಬಾರದು ಎಂದು ನಾನು ನಿಂತುಬಿಟ್ಟೆ. ನನಗೆ ಗೊತ್ತಿದ್ದದ್ದು ಅದೊಂದೇ ಮರ್ಯಾದೆ. ಮರುವರ್ಷ ಬಾಗಿನ ಕಳಿಸುವ ಧೈರ್ಯವೂ ಆಗಲಿಲ್ಲ. ನೆಂಟರ ಮದುವೆಗಳಲ್ಲಿ ಸಿಗುತ್ತಿದ್ದಳು. "ಚೆನ್ನಾಗಿದ್ದೀಯಣ್ಣ?" ಎನ್ನುತ್ತಿದ್ದಳು. "ಹೂಂ ಕಣವ್ವ" ಎನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೀಗೆ ಹನ್ನೊಂದು ಗೌರಿ ಹಬ್ಬ ಕಳೆದವು. ಪ್ರತಿ ಹಬ್ಬದ ದಿನ ಸಾಹೇಬರ ಮಕ್ಕಳಿಗೆ ಒಬ್ಬಟ್ಟು ಬಡಿಸುವಾಗ, ಈಗ ನಾಗರಾಜನ ಬಸ್ಸು ಅವಳ ಊರು ದಾಟುತ್ತಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಆ ದಿನಗಳಲ್ಲೇ ಕಾಲೇಜು ಮೇಷ್ಟ್ರೊಬ್ಬರು ಎರಡನೇ ಕೋಣೆಯಲ್ಲಿ ಒಂದು ಕಾದಂಬರಿ ಬಿಟ್ಟುಹೋಗಿದ್ದರು. ರಟ್ಟು ಕಿತ್ತಿತ್ತು, ಹೆಸರು ಗೊತ್ತಿಲ್ಲ. ಊರಿನ ಜಮೀನಿಗೆಲ್ಲ ಒಡೆಯರಾದ ಜೋಡಿದಾರರೊಬ್ಬರ ಮನೆಯಲ್ಲಿ ಬಾಗಿಲು ಕಾಯುವ ಆಳಿನ ಕಥೆ. ಒಂದು ದಿನ ಅವನ ಸ್ವಂತ ಅಣ್ಣನೇ ಕಷ್ಟ ಹೇಳಿಕೊಳ್ಳಲು ಆ ಮನೆಗೆ ಬರುತ್ತಾನೆ. ಆಳು ಅವನನ್ನೂ ಎಲ್ಲರಂತೆ ಹೊರಗಿನ ಕಲ್ಲಿನ ಮೇಲೆ ಕೂರಿಸುತ್ತಾನೆ. ಅಣ್ಣ ಬಿಸಿಲಲ್ಲಿ ಕಾದು ಕಾದು ಎದ್ದುಹೋಗುತ್ತಾನೆ. ಆಳು ಅವನ ಹಿಂದೆ ಓಡಿದನೋ ಇಲ್ಲವೋ ನೋಡೋಣವೆಂದರೆ ಕೊನೆಯ ಹಾಳೆಗಳೇ ಇಲ್ಲ. ನನಗೆ ಆ ಆಳಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

"ಎಂಥ ಮನ್ಸ ಇವ್ನು! ಒಡುಟ್ಟಿದೋನಿಗೆ ಒಂದು ಲೋಟ ನೀರು ಕೊಡಕ್ಕೂ ಯಜಮಾನ್ರು ಯೋಳ್ಬೇಕಾ?" ಎಂದು ಶಿವಮ್ಮನ ಎದುರು ಕೂಗಾಡಿದೆ.

ಅವಳು ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. "ಕನ್ನಡಿ ತಂದ್ಕೊಡ್ಲಾ?" ಅಂದಳು.

ನಿವೃತ್ತಿಗೆ ಆರು ತಿಂಗಳಿರುವಾಗ ಆ ಹಿರಿಯ ಇಂಜಿನಿಯರ್ ಸಾಹೇಬರು ಹೆಂಡತಿಯ ಜೊತೆ ಬಂದರು. ಅವರೂ ನಿವೃತ್ತರಾಗಿ ತಲೆಯೆಲ್ಲ ನೆರೆತಿತ್ತು. ಅಮ್ಮನವರಿಗೆ ಉಪ್ಪು ಕಡಿಮೆ ಹಾಕಿದ ಉಪ್ಪಿಟ್ಟು, ಅವರಿಗೆ ಒಂದೂವರೆ ಚಮಚ ಸಕ್ಕರೆಯ ಕಾಫಿ. ಏನೂ ಕೇಳದೆ ಮುಂದಿಟ್ಟಾಗ ಅವರ ಕಣ್ಣು ತುಂಬಿ ಬಂತು. "ಕೂತ್ಕೋ ಸಿದ್ದರಾಜು" ಎಂದರು. ಕೂರಲಿಲ್ಲ. ನಿಂತೇ, ಅಷ್ಟು ವರ್ಷದಲ್ಲಿ ಮೊದಲ ಸಲ, ಕೇಳದೆ ಮಾತಾಡಿದೆ. ನಕ್ಷೆ, ಜಗಲಿ, ವಾಪಸ್ಸು ಬಂದ ಮೊರ, ಎಲ್ಲ ಹೇಳಿದೆ.

ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. "ಯಾವ ರಸ್ತೆ ಅದು? ಹೊರಗೆ ಹೋಗಬಾರದು ಅಂದಿದ್ನಾ? ಅಂದಿರ್ತೀನಿ. ಅದೊಂದು ಮಾತಿನ ರೂಢಿ ಕಣಯ್ಯ. ಅಷ್ಟು ಹೊತ್ತಿಗೆ ಆ ಊರಿನ ನಾಲ್ಕು ಜನ ದೊಡ್ಡವರಿಗೆ ಗೊತ್ತಿತ್ತಲ್ಲ. ನೀನು ತಂಗಿಗೆ ಹೇಳಿದ್ರೆ ಯಾರು ಏನಂತಿದ್ರು? ನನ್ನನ್ನೇ ಒಂದು ಮಾತು ಕೇಳಬಾರದಿತ್ತಾ?"

ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸಫಾರಿಯ ಡ್ರೈವರು ಕಣ್ಣ ಮುಂದೆ ಬಂದ. ಸಾಹೇಬರು ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಮಾತು ಅಂದರು: "ಅಲ್ಲಯ್ಯ, ನಿಂಗೊಬ್ಬಳು ತಂಗಿ ಇದ್ದಾಳೆ ಅಂತಲೇ ನಂಗೆ ಗೊತ್ತಿರಲಿಲ್ಲ."

ಅವರ ತಪ್ಪೇನೂ ಇಲ್ಲ. ಗೋಡೆಗೆ ತಂಗಿ ಇದ್ದಾಳೆಯೇ ಎಂದು ಯಾರು ಕೇಳುತ್ತಾರೆ? ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಮನಸಾರೆ ಅತ್ತೆ.

ನಿವೃತ್ತಿಯಾದ ವರ್ಷದ ಗೌರಿ ಹಬ್ಬ. ಹೊಸ ಜೋಡಿ ಮೊರ ತಂದೆ. ಶಿವಮ್ಮ ತುಂಬಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಯಾರ ಕೈಗೂ ಕೊಡಲಿಲ್ಲ. ಇಳಿದಾಗ ನನ್ನನ್ನು ಕಾಣಲು ಅಲ್ಲಿ ಜಗಲಿ ಇರಲಿಲ್ಲ. ಮನೆಯ ಬಾಗಿಲು ನೇರ ರಸ್ತೆಗೇ ತೆರೆದಿತ್ತು. ಒಳಗೆ ಅವಳು ಬೆನ್ನು ಮಾಡಿಕೊಂಡು ಒಬ್ಬಟ್ಟು ತಟ್ಟುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಬಾಗಿಲ ಪಕ್ಕ, ಚೌಕಟ್ಟಿಗೆ ತಾಗದ ಹಾಗೆ, ಮೊರ ಹಿಡಿದು ನಿಂತೆ. ಎರಡು ಒಬ್ಬಟ್ಟು ಬೇಯುವಷ್ಟು ಹೊತ್ತು ನಿಂತಿದ್ದೆ. ಮೂರನೆಯದನ್ನು ಮಗುಚಲು ತಿರುಗಿದವಳು ಕಂಡಳು.

"ಎಷ್ಟೊತ್ತಾಯ್ತು ಬಂದು?"

"ಈಗ್ಲೇ ಕಣವ್ವ."

"ಕೂಗ್ಬಾರ್ದಾ?"

"ನೀನ್ ಕರೀಲಿ ಅಂತ."

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ತವರಿಂದ ಬಂದೋನು ಬಾಗ್ಲಲ್ಲಿ ನಿಂತ್ಕಂಡು ಕರೀಲಿ ಅಂತ ಕಾಯ್ತನಾ ಅಣ್ಣ? ನಾನೇನ್ ಸಾಯೇಬ್ರಾ?" ಎಂದು ತೋಳು ಹಿಡಿದು ಒಳಗೆ ಎಳೆದುಕೊಂಡಳು.

ಕೈ ತೊಳೆದು ಬಂದು ಸೆರಗು ಹಿಡಿದು ಬಾಗಿನ ಈಸಿಕೊಂಡಳು. ಎಲೆ ಹಾಕಿದಳು. ತುಪ್ಪ ತರಲು ಹೋದಾಗ ನಾನು ಎದ್ದೆ, ಭುಜ ಒತ್ತಿ ಕೂರಿಸಿದಳು. ಒಂದು ತುತ್ತು ಒಳಗೆ ಹೋಗುವ ಮೊದಲೇ ಹೇಳಿಬಿಟ್ಟೆ. "ಅವತ್ತು ನಂಗೆ ಗೊತ್ತಿತ್ತು ಕಣವ್ವ."

"ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು. ನನ್ ಮೊಕ ನೋಡ್ದೆ ನೀನು ಮಾತಾಡಿದ್ದು ಅವತ್ತೊಂದು ದಿನವೆ. ಊರ್ಗೆ ಬಂದು ಇವ್ರಿಗೂ ಯೋಳ್ದೆ. ಕಂಬ ಹೆಂಚು ಎಲ್ಲ ಬಂದು ಬಿದ್ದದೆ, ಆಗಿದ್ದಾಗ್ಲಿ ಅಂತ ಕಟ್ಟುದ್ರು."

"ಅದ್ಕೇ ಸಿಟ್ಟಿಗೆ ಮೊರ ವಾಪಸ್ ಕಳ್ಸುದ್ಯಾ?"

"ಸಿಟ್ಟು ಇರ್ನಿಲ್ಲ ಅನ್ನಲ್ಲ. ಆದ್ರ ಮೊರ ಕಳ್ಸಿದ್ದು ಸಿಟ್ಗಲ್ಲ." ಅವಳು ನನ್ನ ಎಲೆಯನ್ನೇ ನೋಡುತ್ತಾ ಹೇಳಿದಳು. "ವರ್ಸಾವರ್ಸಾನೂ ಕಂಡಕ್ಟ್ರು ಕೈಲಿ ಈಸ್ಕಂಡು ಸಾಕಾಗಿತ್ತು. ಬ್ಯಾಡ ಅಂದ್ರೆ ಏನಾಯ್ತೋ ಅಂತ ನೀನೇ ಓಡ್ ಬತ್ತೀಯ ಅಂದ್ಕಂಡೆ. ಮಾರ್ನೆ ದಿನ ಬಸ್ಸು ಬರೋ ವೊತ್ಗೆಲ್ಲ ಒಬ್ಬಟ್ಟು ಬಿಸಿ ಮಾಡಿ ಮಡಗಿದ್ದೆ."

ಬಾರಿಸಲಿ ಎಂದು ಹನ್ನೊಂದು ವರ್ಷ ನಾನು ಕಾದಿದ್ದ ಗಂಟೆಯನ್ನು ಅವಳು ಮೊರ ವಾಪಸ್ಸು ಕಳಿಸಿದ ದಿನವೇ ಬಾರಿಸಿದ್ದಳು. ಮೂರನೇ ಕೋಣೆಯ ಅರ್ಧ ಸದ್ದಿಗೂ ಓಡುತ್ತಿದ್ದವನು ನಾನು.

"ಉಣ್ಣು, ಆರೋಯ್ತದೆ" ಎಂದಳು. ಆಮೇಲೆ, "ಕಾಪಿಗೆ ಸಕ್ರೆ ಎಷ್ಟಾಕ್ಲಿ?" ಎಂದು ಕೇಳಿದಳು. ಅವಳ ಅಳತೆ ನನಗೂ ಗೊತ್ತಿರಲಿಲ್ಲ. ಅವತ್ತು ಕೇಳಿ ತಿಳಿದುಕೊಂಡೆ. ಅರ್ಧ ಚಮಚ.

ಹೊಸದಾಗಿ ಕೆಲಸಕ್ಕೆ ಸೇರುವ ನಿಮಗೆ ಕೆಂಪಯ್ಯನವರ ಎರಡು ಮಾತನ್ನೂ ನಾನು ಹೇಳುತ್ತೇನೆ, ಅವು ಸುಳ್ಳಲ್ಲ. ಕೇಳಿದ್ದನ್ನು ಆಡಬೇಡಿ, ಕರೆಯದೆ ಒಳಗೆ ಹೋಗಬೇಡಿ. ಆದರೆ ಸಂಜೆ ಬೀಗದ ಕೈ ಗೊಂಚಲನ್ನು ಮೊಳೆಗೆ ತಗುಲಿಸುವಾಗ ಆ ಎರಡನ್ನೂ ಅಲ್ಲೇ ತಗುಲಿಸಿ ಮನೆಗೆ ಹೋಗಿ. ನಾನು ಅವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ನಾಡಿದ್ದು ಗೌರಿ ಹಬ್ಬ. ಮೊರ ತುಂಬಿ ಸಿದ್ಧವಾಗಿದೆ. ಚಿಕ್ಕತಾಯಿಯ ಹತ್ತಿರ ಈಗ ಮೊಬೈಲು ಇದೆ. ನೆಂಟರಿಷ್ಟರಿಗೆಲ್ಲ ಫೋನು ಮಾಡುತ್ತಾಳೆ, ನನಗೆ ಮಾತ್ರ ಹಬ್ಬಕ್ಕೆ ಬಾ ಎಂದು ಒಂದು ವರ್ಷವೂ ಮಾಡಿಲ್ಲ. ಈ ಸಲವೂ ಕರೆದಿಲ್ಲ. ಹಬ್ಬದ ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೋಗುತ್ತಿದ್ದೇನೆ.